ಎಣ್ಣೆಯೂ ಒಂದು ಬಿಡಿಭಾಗ

ಹೊಸ ಮಧ್ಯಮ ಗಾತ್ರದ ಎಸ್‌ಯುವಿಗೆ ಕೊಡುವ ದುಡ್ಡಿನಲ್ಲಿ ಎಂಟು ಹತ್ತು ವರ್ಷ ಓಡಿದ ಬಿಎಂಡಬ್ಲ್ಯು 3 ಸೀರೀಸ್ ಅಥವಾ ಮರ್ಸಿಡಿಸ್ ಸಿ-ಕ್ಲಾಸ್ ಇವತ್ತು ಬೆಂಗಳೂರಿನಲ್ಲಿ ಸಿಗುತ್ತದೆ. ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಟೈರಿನ ಸವಕಳಿ ನೋಡುತ್ತಾರೆ, ಇನ್ಶೂರೆನ್ಸ್ ಕ್ಲೇಮು ವಿಚಾರಿಸುತ್ತಾರೆ, ಎಂಜಿನ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಎಂದೂ ಕೇಳುತ್ತಾರೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗಿನ ಎಣ್ಣೆಯ, ಅಂದರೆ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಬಗ್ಗೆ ಕೇಳುವವರು ಮಾತ್ರ ಕಡಿಮೆ. ಕೇಳಿದರೂ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ: 'ಅದು ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟೋದೇ ಬೇಡ' ಅಥವಾ 'ಯಾವುದಾದ್ರೂ ಒಳ್ಳೆ ಕಂಪನಿ ಎಟಿಎಫ್ ಹಾಕಿಸಿಬಿಡಿ, ಏನೂ ಆಗಲ್ಲ'. ಒಂದು ಮುಟ್ಟಬೇಡ ಎನ್ನುತ್ತದೆ, ಇನ್ನೊಂದು ಏನು ಬೇಕಾದರೂ ಹಾಕು ಎನ್ನುತ್ತದೆ. ಆದರೆ ಎರಡರ ಬೇರೂ ಒಂದೇ. ಎರಡೂ ಆ ಎಣ್ಣೆಯನ್ನು ಹಲ್ಲುಚಕ್ರಗಳು ಸವೆಯದಂತೆ ಕಾಯುವ ಜಿಡ್ಡು ಎಂದಷ್ಟೇ ತಿಳಿದಿವೆ. ವಾಸ್ತವದಲ್ಲಿ ಅದು ಕ್ಲಚ್ ಪ್ಲೇಟಿನಷ್ಟೇ ನಿರ್ದಿಷ್ಟವಾದ ಒಂದು ಬಿಡಿಭಾಗ. ಬೇರೆ ಗೇರ್‌ಬಾಕ್ಸಿನ ಕ್ಲಚ್ ಪ್ಲೇಟನ್ನು ತಂದು ಯಾರೂ ಕೂರಿಸುವುದಿಲ್ಲ. ಎಣ್ಣೆಯ ವಿಷಯದಲ್ಲೂ ಅದೇ ಶಿಸ್ತು ಬೇಕು ಎನ್ನುವುದು ಈ ಲೇಖನದ ವಾದ.

ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನೊಳಗೆ ಈ ದ್ರವ ಮಾಡುವ ಕೆಲಸಗಳನ್ನು ನೋಡಿ. ಎಂಜಿನ್ನಿನ ತಿರುಗುಬಲ ಗೇರ್‌ಬಾಕ್ಸಿಗೆ ದಾಟುವುದೇ ಇದರ ಮೂಲಕ. ಕನ್ವರ್ಟರಿನ ಒಂದು ಬದಿಯ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಆ ಹೊಡೆತಕ್ಕೆ ಇನ್ನೊಂದು ಬದಿಯ ರೆಕ್ಕೆಗಳು ತಿರುಗುತ್ತವೆ. ಗೇರ್ ಬದಲಾಗಬೇಕಾದಾಗ ವಾಲ್ವುಗಳ ಮೂಲಕ ಹರಿದು ಪಿಸ್ಟನ್ ಒತ್ತಿ, ಒಂದು ಕ್ಲಚ್ಚನ್ನು ಹಿಡಿಸಿ ಇನ್ನೊಂದನ್ನು ಬಿಡಿಸುವುದೂ ಇದೇ ಎಣ್ಣೆ. ಬಿಸಿಯನ್ನು ಕೂಲರಿಗೆ ಒಯ್ಯುವುದು, ಬೇರಿಂಗು, ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದು ಇದ್ದೇ ಇದೆ. ಇವೆಲ್ಲಕ್ಕಿಂತ ನಾಜೂಕಾದ ಕೆಲಸ ಇನ್ನೊಂದು. ಆ ಕ್ಲಚ್ಚುಗಳೆಲ್ಲ ಎಣ್ಣೆಯಲ್ಲಿ ಮುಳುಗಿಕೊಂಡೇ ಇರುತ್ತವೆ. ಕಾಗದದಂಥ ನಾರಿನ ಲೈನಿಂಗ್ ಅಂಟಿಸಿದ ಒಂದು ಪ್ಲೇಟು, ಅದರ ಪಕ್ಕ ನುಣುಪಾದ ಉಕ್ಕಿನ ಪ್ಲೇಟು, ನಡುವೆ ಎಣ್ಣೆ. ಎಷ್ಟು ಹಿಡಿತ, ಎಷ್ಟು ಜಾರಿಕೆ, ಯಾವ ವೇಗದಲ್ಲಿ ಎಷ್ಟು ಎನ್ನುವುದನ್ನು ಲೈನಿಂಗಿನಷ್ಟೇ ಎಣ್ಣೆಯಲ್ಲಿ ಬೆರೆಸಿದ ಘರ್ಷಣೆ ನಿಯಂತ್ರಕ ರಾಸಾಯನಿಕಗಳೂ ತೀರ್ಮಾನಿಸುತ್ತವೆ. ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬರೆದಿಟ್ಟ ಒತ್ತಡದ ಲೆಕ್ಕಗಳೆಲ್ಲ ಇಂಥದ್ದೇ ಎಣ್ಣೆ ಇದೆ ಎಂಬ ನಂಬಿಕೆಯ ಮೇಲೆ ನಿಂತಿವೆ.

ಇದರಲ್ಲಿ ತಪ್ಪಿದರೆ ಏನಾಗುತ್ತದೆ ಎನ್ನುವುದು ಕನ್ವರ್ಟರಿನ ಎರಡು ಬದಿಗಳನ್ನು ನೇರವಾಗಿ ಬೆಸೆಯುವ ಲಾಕ್‌ಅಪ್ ಕ್ಲಚ್ಚಿನಲ್ಲಿ ಮೊದಲು ಗೊತ್ತಾಗುತ್ತದೆ. ಇಂಧನ ಉಳಿಸಲೆಂದು ಇಂದಿನ ಗೇರ್‌ಬಾಕ್ಸುಗಳು ಈ ಕ್ಲಚ್ಚನ್ನು ಪೂರ್ತಿ ಬಿಗಿಯದೆ, ಪೂರ್ತಿ ಬಿಡದೆ, ಸ್ವಲ್ಪವೇ ಜಾರುವಂತೆ ಹಿಡಿದಿಟ್ಟು ಗಂಟೆಗಟ್ಟಲೆ ಓಡಿಸುತ್ತವೆ. ಹೀಗೆ ಜಾರುವಾಗ ವೇಗ ಇಳಿದಂತೆ ಹಿಡಿತವೂ ಇಳಿಯಬೇಕು. ಎಣ್ಣೆ ಹಳತಾಗಿಯೋ ಹೊಂದದೆಯೋ ಈ ಗುಣ ತಿರುವುಮುರುವಾದರೆ ಪ್ಲೇಟು ಹಿಡಿಯುತ್ತದೆ, ತಟ್ಟನೆ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಹಲಗೆಯ ಮೇಲೆ ತಳ್ಳಿದಾಗ ಗೆರೆ ಬರುವ ಬದಲು ಕುಪ್ಪಳಿಸಿ ಚುಕ್ಕೆಗಳಾಗುವುದು ಇದೇ ಕಾರಣಕ್ಕೆ. ಕಾರಿನಲ್ಲಿ ಕೂತವರಿಗೆ ಅದು ಗಂಟೆಗೆ 50–80 ಕಿಲೋಮೀಟರ್ ವೇಗದಲ್ಲಿ ಆಕ್ಸಲರೇಟರನ್ನು ಹಗುರವಾಗಿ ಒತ್ತಿದಾಗ ಕಾಣಿಸಿಕೊಳ್ಳುವ ನಡುಕ. ರಸ್ತೆಯಲ್ಲಿ ಸಣ್ಣ ಸಣ್ಣ ಉಬ್ಬುಗಳ ಸಾಲಿನ ಮೇಲೆ ಹೋದಂತೆ ಅನಿಸುತ್ತದೆ. ಬಹಳ ಮಂದಿ ವೀಲ್ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ, ಎಂಜಿನ್ ಮೌಂಟಿಂಗ್ ಬದಲಾಯಿಸುತ್ತಾರೆ, ನಡುಕ ಮಾತ್ರ ಹೋಗುವುದಿಲ್ಲ.

ಇದು ಬರೀ ಸಿದ್ಧಾಂತವಲ್ಲ. ಜನರಲ್ ಮೋಟರ್ಸ್ 2015ರ ಆಸುಪಾಸಿನಿಂದ ಕ್ಯಾಡಿಲಾಕ್ ಸೇರಿದಂತೆ ತನ್ನ ಹಲವು ಕಾರುಗಳಲ್ಲಿ ಕೂರಿಸಿದ ಎಂಟು ಗೇರಿನ 8ಎಲ್ ಬಾಕ್ಸುಗಳಲ್ಲಿ ಈ ನಡುಕದ ದೂರು ವ್ಯಾಪಕವಾಗಿ ಬಂತು. ಎಣ್ಣೆ ತೇವಾಂಶ ಹೀರಿಕೊಂಡು ಘರ್ಷಣೆಯ ಗುಣ ಕೆಡುತ್ತಿದೆ ಎಂದು ಕಂಡುಕೊಂಡ ಕಂಪನಿ, ಹಳೆಯ ಎಣ್ಣೆಯನ್ನು ತೊಳೆದು ತೆಗೆದು ಬೇರೆ ಸೂತ್ರದ ಎಣ್ಣೆ ತುಂಬುವಂತೆ ಡೀಲರುಗಳಿಗೆ ಸೂಚನೆ ಕೊಟ್ಟಿತು. ಅಲ್ಲಿ ಮೊದಲು ಬದಲಾಗಿದ್ದು ಉಕ್ಕಿನ ಭಾಗವಲ್ಲ, ಎಣ್ಣೆ. ಇನ್ನೂ ಹಿಂದಕ್ಕೆ ಹೋದರೆ ಇದೇ ಕಥೆಯ ಹಳೆಯ ರೂಪ ಸಿಗುತ್ತದೆ. ಅಮೆರಿಕದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಬಹುಕಾಲ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕ್ಲಚ್ಚಿನ ಹಿಡಿತವನ್ನು ಹದಕ್ಕೆ ತರುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ತಿಮಿಂಗಿಲದ ರಕ್ಷಣೆಗಾಗಿ ಅದರ ಬಳಕೆ ನಿಂತಾಗ ಬದಲಿ ಹುಡುಕಲು ರಸಾಯನ ತಜ್ಞರು ಪಡಬಾರದ ಪಾಡು ಪಟ್ಟರು. ಆ ತಿಮಿಂಗಿಲಗಳು ಉಳಿದಿದ್ದಕ್ಕೆ ಯಾರೂ ವಿಷಾದಿಸಬೇಕಿಲ್ಲ, ಆದರೆ ಎಣ್ಣೆಯೊಳಗಿನ ಒಂದು ಸಣ್ಣ ಅಂಶ ಎಷ್ಟು ಮುಖ್ಯವೆಂಬುದು ಅದರಿಂದ ಜಾಹೀರಾಯಿತು. ಅದೇ ಕಾಲದಲ್ಲಿ ಫೋರ್ಡ್ ತನ್ನ ಗೇರ್‌ಬಾಕ್ಸುಗಳಿಗೆ ಘರ್ಷಣೆ ತಗ್ಗಿಸುವ ಅಂಶವಿಲ್ಲದ, ಗಟ್ಟಿಯಾಗಿ ಕಚ್ಚುವ 'ಟೈಪ್ ಎಫ್' ಬಳಸುತ್ತಿತ್ತು. ಜನರಲ್ ಮೋಟರ್ಸಿನದು ಮೃದುವಾಗಿ ಜಾರಿ ಹಿಡಿಯುವ ಡೆಕ್ಸ್‌ರಾನ್. ಒಂದರ ಎಣ್ಣೆ ಇನ್ನೊಂದಕ್ಕೆ ಹಾಕಿದರೆ ಗೇರ್ ಬದಲಾಗುವ ರೀತಿಯೇ ಬದಲಾಗುತ್ತಿತ್ತು.

ಹಾಗಾದರೆ ಆಯ್ಕೆ ಎಲ್ಲಿಂದ ಆರಂಭವಾಗಬೇಕು? ಬಾನೆಟ್ಟಿನ ಮೇಲಿನ ಲಾಂಛನದಿಂದಲ್ಲ, ಗೇರ್‌ಬಾಕ್ಸಿನ ಮೈಮೇಲಿನ ಪಟ್ಟಿಯಿಂದ. ಜರ್ಮನಿಯ ಝಡ್‌ಎಫ್ ಕಂಪನಿಯ ಎಂಟು ಗೇರಿನ 8ಎಚ್‌ಪಿ ಬಾಕ್ಸು ಬಿಎಂಡಬ್ಲ್ಯುವಿನಲ್ಲೂ ಇದೆ, ಆಡಿಯ ಕೆಲವು ಮಾದರಿಗಳಲ್ಲೂ ಇದೆ, ಟಾಟಾ ಒಡೆತನದ ಜಾಗ್ವಾರ್ ಮತ್ತು ಲ್ಯಾಂಡ್ ರೋವರುಗಳಲ್ಲೂ ಇದೆ, ಬೆಂಟ್ಲಿಯಲ್ಲೂ ಇದೆ. ಲಾಂಛನ ಬೇರೆ ಬೇರೆ, ಒಳಗಿನ ಯಂತ್ರ ಒಂದೇ ಮನೆತನದ್ದು. ಅದಕ್ಕೆ ಝಡ್‌ಎಫ್ ಹೇಳುವ ಎಣ್ಣೆ ಹಸಿರು ಬಣ್ಣದ ಲೈಫ್‌ಗಾರ್ಡ್ 8. ಅದಕ್ಕೂ ಮುಂಚಿನ ಆರು ಗೇರಿನ 6ಎಚ್‌ಪಿಗೆ ಲೈಫ್‌ಗಾರ್ಡ್ 6, ಅಂದರೆ ಮೊದಲು ಶೆಲ್ ಎಂ-1375.4 ಎಂಬ ಹೆಸರಿನಲ್ಲಿದ್ದ ಎಣ್ಣೆ. ಇದರ ತದ್ವಿರುದ್ಧ ಉದಾಹರಣೆಯೂ ಉಂಟು. ಬಿಎಂಡಬ್ಲ್ಯು ಇ90 ಪೀಳಿಗೆಯ 3 ಸೀರೀಸಿನಲ್ಲಿ ಎಂಜಿನ್ನಿಗೆ ತಕ್ಕಂತೆ ಕೆಲವಕ್ಕೆ ಝಡ್‌ಎಫ್ ಬಾಕ್ಸು, ಕೆಲವಕ್ಕೆ ಜನರಲ್ ಮೋಟರ್ಸಿನ ಬಾಕ್ಸು ಬಂದಿದೆ. ಹೊರಗೆ ನಿಂತು ನೋಡಿದರೆ ಎರಡೂ ಒಂದೇ ಕಾರು. ಎರಡಕ್ಕೂ ಬೇಕಾದ ಎಣ್ಣೆ ಬೇರೆ. ಡಬ್ಲ್ಯು204 ಸಿ-ಕ್ಲಾಸಿನಲ್ಲೂ ಹಾಗೆಯೇ, ಕೆಲವಕ್ಕೆ ಐದು ಗೇರಿನ 722.6, ಕೆಲವಕ್ಕೆ ಏಳು ಗೇರಿನ 722.9. 'ಬಿಎಂಡಬ್ಲ್ಯುಗೆ ಯಾವ ಎಟಿಎಫ್?' ಎಂದು ಕೇಳಿದರೆ ಸರಿಯಾದ ಉತ್ತರ ಕೊಡಲು ಸಾಧ್ಯವೇ ಇಲ್ಲ. ಚಾಸಿ ನಂಬರು ಕೊಟ್ಟು ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಬಾಕ್ಸಿನ ಮಾದರಿ ತೆಗೆಸಬೇಕು. ಕಾರನ್ನು ಲಿಫ್ಟಿಗೆ ಏರಿಸಿದಾಗ ಬಾಕ್ಸಿನ ಬದಿಯ ಪಟ್ಟಿಯ ಮೇಲಿನ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಬೇಕು.

ಮರ್ಸಿಡಿಸ್ಸಿನ 722.9ರ ಕಥೆಯಂತೂ ಇನ್ನೂ ಸೂಕ್ಷ್ಮ. 2003ರಲ್ಲಿ ಬಂದ ಈ ಬಾಕ್ಸಿಗೆ ಮೊದಲು ಬಳಕೆಯಾಗಿದ್ದು ಕೆಂಪು ಬಣ್ಣದ, ಎಂಬಿ 236.14 ಎಂಬ ಗುಣಮಾನದ ಎಣ್ಣೆ. 2010ರ ನಂತರ ಇದೇ ಬಾಕ್ಸನ್ನು ಸುಧಾರಿಸಿ 7ಜಿ-ಟ್ರಾನಿಕ್ ಪ್ಲಸ್ ಎಂದು ಕೊಟ್ಟಾಗ, ಇಂಧನ ಉಳಿಸಲು ಇನ್ನೂ ತೆಳುವಾದ ನೀಲಿ ಬಣ್ಣದ 236.15 ತಂದರು. ಸಂಖ್ಯೆ ದೊಡ್ಡದು, ಎಣ್ಣೆ ಹೊಸದು, ಆದ್ದರಿಂದ ಹಳೆಯ ಬಾಕ್ಸಿಗೂ ಇದೇ ಮೇಲು ಎಂದು ಲೆಕ್ಕ ಹಾಕಿದರೆ ತಪ್ಪುತ್ತೇವೆ. ತೆಳು ಎಣ್ಣೆಗೆ ತಕ್ಕಂತೆ ಒಳಗಿನ ಭಾಗಗಳನ್ನೂ ಹೊಂದಿಸಿದ ಬಾಕ್ಸಿಗೆ ಮಾತ್ರ ಅದು ಸಲ್ಲುತ್ತದೆ. ಎಂಜಿನ್ ಆಯಿಲಿನಲ್ಲಿ ಹೊಸ ದರ್ಜೆ ಬಹುಮಟ್ಟಿಗೆ ಹಳೆಯದರ ಜಾಗ ತುಂಬುತ್ತದೆ ಎಂಬ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಬಣ್ಣದ ನಂಬಿಕೆಯನ್ನೂ ಇಲ್ಲಿಯೇ ಬಿಡುವುದು ಒಳ್ಳೆಯದು. ಕೆಂಪು, ಹಸಿರು, ನೀಲಿ ಎಲ್ಲವೂ ಬೆರೆಸಿದ ಬಣ್ಣಗಳು. ಕೆಂಪಗಿರುವ ಎಣ್ಣೆಗಳೆಲ್ಲ ಒಂದೇ ಅಲ್ಲ.

ಇನ್ನು 'ಆಟೊಮ್ಯಾಟಿಕ್' ಎಂದು ಮಾರಾಟವಾಗುವ ಕಾರುಗಳಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲದವೂ ಇವೆ. ಹಳೆಯ ಆಡಿ ಎ4ರ ಮಲ್ಟಿಟ್ರಾನಿಕ್ ಚೈನಿನ ಮೇಲೆ ಓಡುವ ಸಿವಿಟಿ, ಅಂದರೆ ಬಿಡಿ ಬಿಡಿ ಗೇರುಗಳಿಲ್ಲದ ಬಾಕ್ಸು. ಅಲ್ಲಿ ಎಣ್ಣೆಯ ಕೆಲಸ ಚೈನು ಪುಲ್ಲಿಯ ಮೇಲೆ ಜಾರದಂತೆ ನೋಡಿಕೊಳ್ಳುವುದು. ಎಸ್-ಟ್ರಾನಿಕ್ ಎರಡು ಕ್ಲಚ್ಚಿನ ಬಾಕ್ಸು. ಆಡಿಯ ಏಳು ಗೇರಿನ ಡಿಎಲ್501ರಲ್ಲಿ ಕ್ಲಚ್ಚಿಗೊಂದು ಎಣ್ಣೆ, ಹಲ್ಲುಗಳಿಗೆ ಬೇರೊಂದು ಎಣ್ಣೆ, ಎರಡೂ ಪ್ರತ್ಯೇಕ ಕೋಣೆಗಳಲ್ಲಿ. ಇವುಗಳಿಗೆ ಸಾಮಾನ್ಯ ಎಟಿಎಫ್ ತುಂಬಿದರೆ ಆಗುವ ಹಾನಿ ದುಬಾರಿ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಅಂಗಡಿಯಲ್ಲಿ 'ಮಲ್ಟಿ ವೆಹಿಕಲ್' ಎಂಬ ಬಾಟಲಿಗಳಿವೆ, ಹಿಂಬದಿಯಲ್ಲಿ ನಲವತ್ತು ಐವತ್ತು ಗುಣಮಾನಗಳ ಹೆಸರಿವೆ, ದೊಡ್ಡ ಕಂಪನಿಗಳದ್ದೇ ಸರಕು. ಅಷ್ಟನ್ನೂ ಸುಳ್ಳು ಬರೆದಿರುತ್ತಾರೆಯೇ? ಸುಳ್ಳೆಂದು ಹೇಳುತ್ತಿಲ್ಲ. ಆ ಬರಹವನ್ನು ಗಮನವಿಟ್ಟು ಓದಬೇಕೆನ್ನುವುದಷ್ಟೇ ನನ್ನ ಮಾತು. 'ಅಪ್ರೂವ್ಡ್' ಎಂದಿದ್ದರೆ ಗೇರ್‌ಬಾಕ್ಸ್ ಅಥವಾ ಕಾರಿನ ತಯಾರಕರು ಆ ಎಣ್ಣೆಯನ್ನು ಪರೀಕ್ಷಿಸಿ ಒಪ್ಪಿದ್ದಾರೆ ಎಂದರ್ಥ. 'ಸೂಟಬಲ್ ಫಾರ್', 'ರೆಕಮೆಂಡೆಡ್ ಫಾರ್' ಎಂದಿದ್ದರೆ ಅದು ಎಣ್ಣೆ ಮಾರುವವರ ಅಭಿಪ್ರಾಯ. ಒಂದೇ ಬಾಟಲಿಯಲ್ಲಿ ಮೇಲೆ ಎರಡು ಅಪ್ರೂವಲ್, ಕೆಳಗೆ ಸಣ್ಣಕ್ಷರದಲ್ಲಿ ನಲವತ್ತು ಶಿಫಾರಸು ಇರುತ್ತವೆ. ನಿಮ್ಮ ಬಾಕ್ಸಿನ ಸಂಖ್ಯೆ ಮೇಲಿನ ಎರಡರಲ್ಲಿದೆಯೋ ಕೆಳಗಿನ ನಲವತ್ತರಲ್ಲಿದೆಯೋ ನೋಡಿ. ಅಷ್ಟು ಸಂಖ್ಯೆಗಳ ಪಟ್ಟಿಯೇ ಒಂದು ಸಂಶಯಕ್ಕೂ ಎಡೆಮಾಡುತ್ತದೆ. 100 ಡಿಗ್ರಿ ಶಾಖದಲ್ಲಿ ಹಳೆಯ ಡೆಕ್ಸ್‌ರಾನ್ 3ರ ಸ್ನಿಗ್ಧತೆ 7 ಸೆಂಟಿಸ್ಟೋಕಿಗೂ ಹೆಚ್ಚು. ಅದರ ನಂತರದ ಡೆಕ್ಸ್‌ರಾನ್ 6ಕ್ಕೆ ಇರುವ ಗರಿಷ್ಠ ಮಿತಿಯೇ 6.4, ಈಚಿನ ಎಂಟು ಒಂಬತ್ತು ಗೇರಿನ ಬಾಕ್ಸುಗಳದ್ದು ಇನ್ನೂ ತೆಳು. ಒಂದೇ ದ್ರವ ಒಂದೇ ಹೊತ್ತಿಗೆ ದಪ್ಪವೂ ತೆಳುವೂ ಆಗಿರಲಾರದು. ಎಲ್ಲೋ ನಡುವೆ ನಿಲ್ಲಬೇಕು, ಎಂದರೆ ಯಾರಿಗೋ ಅದು ಪೂರ್ತಿ ಸರಿಹೊಂದದು. ಅಂದಹಾಗೆ ಡೆಕ್ಸ್‌ರಾನ್ 3ಕ್ಕೆ ಜನರಲ್ ಮೋಟರ್ಸ್ ಲೈಸೆನ್ಸ್ ಕೊಡುವುದನ್ನು 2006ರ ಕೊನೆಗೇ ನಿಲ್ಲಿಸಿತು. ಆ ಹೆಸರು ಹೊತ್ತ ಬಾಟಲಿಗಳು ಇಂದಿಗೂ ಮಾರಾಟವಾಗುತ್ತಿವೆ, ಅದರ ಗುಣಕ್ಕೆ ಹೊಣೆ ಹೊರುವ ಅಧಿಕೃತ ಪರೀಕ್ಷೆ ಹಿಂದೆ ಇಲ್ಲ.

ಹಾಗಂತ ಶೋರೂಮಿನ ಬಾಟಲಿಯೇ ಆಗಬೇಕೆಂಬ ಹಟವೂ ಬೇಡ. ಕಾರು ಕಂಪನಿಗಳು ಎಣ್ಣೆ ತಯಾರಿಸುವುದಿಲ್ಲ, ಎಣ್ಣೆ ಕಂಪನಿಗಳಿಂದ ಮಾಡಿಸಿಕೊಳ್ಳುತ್ತವೆ. ಒಪ್ಪಿಗೆ ಪಡೆದ ಎಣ್ಣೆಗಳ ಪಟ್ಟಿಯನ್ನು ಅವರೇ ಬಹಿರಂಗವಾಗಿ ಪ್ರಕಟಿಸುತ್ತಾರೆ. ಮರ್ಸಿಡಿಸ್ಸಿನಲ್ಲಿ 236.14, 236.15 ಮುಂತಾದ ಒಂದೊಂದು ಸಂಖ್ಯೆಗೂ ಒಂದೊಂದು ಹಾಳೆ ಇದೆ, ಅದರಲ್ಲಿ ಬ್ರ್ಯಾಂಡುಗಳ ಹೆಸರಿವೆ. ಝಡ್‌ಎಫ್‌ನ ಕಾರು ಗೇರ್‌ಬಾಕ್ಸುಗಳ ಪಟ್ಟಿಗೆ ಟಿಇ-ಎಂಎಲ್ 11 ಎಂದು ಹೆಸರು. ಆ ಪಟ್ಟಿಯಲ್ಲಿರುವ ಎಣ್ಣೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಬಿಲ್ಲಿನೊಂದಿಗೆ, ಸೀಲು ಒಡೆಯದೆ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು. ಬಿಲ್ಲಿಲ್ಲದ, ಡ್ರಮ್ಮಿನಿಂದ ಅಳೆದು ಕೊಡುವ ಎಣ್ಣೆಯನ್ನು ಈ ಬಾಕ್ಸುಗಳಿಗೆ ಹಾಕಬಾರದು. ಒಳಗೇನಿದೆಯೆಂದು ಖಚಿತಪಡಿಸಿಕೊಳ್ಳಲು ದಾರಿಯೇ ಇಲ್ಲ.

ಈಗ 'ಲೈಫ್‌ಟೈಮ್' ಎಂಬ ದೊಡ್ಡ ಆಕ್ಷೇಪಕ್ಕೆ ಬರೋಣ. ಕಾರು ಮಾಡಿದವರೇ ಬದಲಾಯಿಸಬೇಡಿ ಎಂದಿರುವಾಗ ಗ್ಯಾರೇಜಿನವರ ಮಾತು ಏಕೆ ಕೇಳಬೇಕು? ಗ್ಯಾರೇಜಿನವರ ಮಾತು ಬೇಡ, ಗೇರ್‌ಬಾಕ್ಸ್ ಮಾಡಿದವರ ಮಾತನ್ನೇ ಕೇಳೋಣ. ಝಡ್‌ಎಫ್ ತನ್ನ ಬಾಕ್ಸುಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರಿಗೊಮ್ಮೆ, ಇಲ್ಲವೇ ಹೆಚ್ಚೆಂದರೆ ಎಂಟು ವರ್ಷಕ್ಕೊಮ್ಮೆ ಬದಲಾಯಿಸಲು ಹೇಳುತ್ತದೆ. ಅದೇ ಬಾಕ್ಸನ್ನು ಕೊಂಡು ತನ್ನ ಕಾರಿಗೆ ಕೂರಿಸಿದ ಕಂಪನಿ ಲೈಫ್‌ಟೈಮ್ ಎನ್ನುತ್ತದೆ. ಮರ್ಸಿಡಿಸ್ ಕೂಡ 722.6 ಬಾಕ್ಸನ್ನು 1996ರಲ್ಲಿ ತಂದಾಗ ಎಣ್ಣೆ ಜೀವಮಾನಕ್ಕೆ ಸಾಕು ಎಂದೇ ಹೇಳಿ, ನಂತರದ ವರ್ಷಗಳಲ್ಲಿ ಬದಲಾವಣೆಯ ಅವಧಿ ನಿಗದಿ ಮಾಡಿತು. ಮೊದಲ ಮಾಲೀಕರು ಮೂರು ನಾಲ್ಕು ವರ್ಷಕ್ಕೆ ಕಾರು ಮಾರಿಬಿಡುತ್ತಾರೆ, ಅವರ ಪಾಲಿಗೆ ಖರ್ಚು ಕಡಿಮೆ ಕಾಣುವುದು ಮಾರಾಟಕ್ಕೆ ಅನುಕೂಲ. ಹತ್ತನೇ ವರ್ಷದಲ್ಲಿ ಕೊಳ್ಳುವವರನ್ನು ನೆನೆದು ಬರೆದ ಮಾತಲ್ಲ ಅದು. ನಮ್ಮ ಊರಿನ ಲೆಕ್ಕ ಬೇರೆ ಇದೆ. ಸರಾಸರಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯಲ್ಲಿ ಓಡಿದ ಕಾರು ಒಂದು ಲಕ್ಷ ಕಿಲೋಮೀಟರ್ ಮುಟ್ಟಲು ಸುಮಾರು 1,700 ಗಂಟೆ ಸಾಕು. ಸಿಲ್ಕ್ ಬೋರ್ಡ್, ಹೆಬ್ಬಾಳದ ದಟ್ಟಣೆಯಲ್ಲಿ ಸರಾಸರಿ 20ರಲ್ಲಿ ತೆವಳಿದ ಕಾರಿಗೆ ಅದೇ ಒಂದು ಲಕ್ಷಕ್ಕೆ 5,000 ಗಂಟೆ ಬೇಕು. ಓಡೋಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಎಣ್ಣೆ ಕುದಿದ ಗಂಟೆಗಳು, ಕ್ಲಚ್ಚು ಹಿಡಿದು ಬಿಟ್ಟ ಸಲಗಳು ಅದರಲ್ಲಿ ಕಾಣುವುದಿಲ್ಲ. ಎಣ್ಣೆಯ ಶಾಖ ಹತ್ತು ಡಿಗ್ರಿ ಏರಿದರೆ ಅದು ಆಕ್ಸಿಡೀಕರಣಗೊಂಡು ಹಳಸುವ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬುದು ಎಣ್ಣೆ ತಜ್ಞರ ಸ್ಥೂಲ ಲೆಕ್ಕ. ಆದ್ದರಿಂದ ನಗರದಲ್ಲೇ ಓಡಿದ ಕಾರಿಗೆ ಝಡ್‌ಎಫ್ ಹೇಳಿದ ಅವಧಿಯ ಕೆಳಗಿನ ತುದಿಯನ್ನೇ ಹಿಡಿಯುವುದು ನ್ಯಾಯ.

ಇದಕ್ಕೆ ಪ್ರತಿಯಾಗಿ ಅನುಭವಿ ಮೆಕ್ಯಾನಿಕ್ಕುಗಳೇ ಹೇಳುವ ಮಾತೊಂದಿದೆ: ಲಕ್ಷಾಂತರ ಕಿಲೋಮೀಟರ್ ಓಡಿದ ಬಾಕ್ಸಿನ ಹಳೆಯ ಎಣ್ಣೆ ತೆಗೆದರೆ ಅದು ಸತ್ತೇ ಹೋಗುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಾಗದು, ಅವರು ಹಾಗೆ ಆಗಿದ್ದನ್ನು ನಿಜಕ್ಕೂ ಕಂಡಿರುತ್ತಾರೆ. ಆದರೆ ಯಾವ ಕಾರುಗಳು ಎಣ್ಣೆ ಬದಲಾವಣೆಗೆ ಬರುತ್ತವೆ ಎಂದು ಯೋಚಿಸಿ. ಬಹುಪಾಲು ಬರುವುದು ಗೇರ್ ಜಾರತೊಡಗಿದ ಮೇಲೆ, ರಿವರ್ಸ್ ಹಿಡಿಯಲು ಎರಡು ಸೆಕೆಂಡು ತಡವಾಗತೊಡಗಿದ ಮೇಲೆ. ಲೈನಿಂಗ್ ಸವೆದುಹೋಗಿದ್ದರೆ ಯಾವ ಎಣ್ಣೆಯೂ ಅದನ್ನು ಮರಳಿ ಅಂಟಿಸುವುದಿಲ್ಲ. ಕೆಡಲು ಹೊರಟಿದ್ದ ಬಾಕ್ಸು ಕೆಡುತ್ತದೆ, ದೂರು ಹೊಸ ಎಣ್ಣೆಯ ಮೇಲೆ ಬರುತ್ತದೆ. ಇದಕ್ಕೆ ಸಾಕ್ಷಿ ಎಣ್ಣೆಯ ತಟ್ಟೆಯಲ್ಲೇ ಇರುತ್ತದೆ. ತಟ್ಟೆ ಬಿಚ್ಚಿದಾಗ ಒಳಗಿನ ಆಯಸ್ಕಾಂತಗಳ ಮೇಲೆ ಬೂದು ಬಣ್ಣದ, ಬೆರಳಿಗೆ ಹಿಟ್ಟಿನಂತೆ ನುಣ್ಣಗೆ ಹತ್ತುವ ಕೆಸರು ಕಂಡರೆ ಅದು ಸಹಜ ಸವಕಳಿ. ಚೂಪಾದ ಲೋಹದ ಚೂರುಗಳು, ತಳದಲ್ಲಿ ಕಪ್ಪು ನಾರಿನ ಗಸಿ, ಸುಟ್ಟ ವಾಸನೆ ಇದ್ದರೆ ಹೊಸ ಎಣ್ಣೆಗೆ ದುಡ್ಡು ಸುರಿಯುವುದಕ್ಕೆ ಮೊದಲು ಬಾಕ್ಸನ್ನು ಬಿಚ್ಚಿಸುವ ಮಾತಾಡಬೇಕು. ಇಂಥ ಕಾರನ್ನು ಇನ್ನೂ ಕೊಂಡಿರದಿದ್ದರೆ ಬಿಟ್ಟುಬಿಡುವುದೇ ಜಾಣತನ. ಎಣ್ಣೆ, ಫಿಲ್ಟರು ಸೇರಿ ಹತ್ತಾರು ಸಾವಿರಕ್ಕೆ ಮುಗಿಯುವ ಕೆಲಸ ಬಾಕ್ಸು ಕೆಟ್ಟಾಗ ಲಕ್ಷಗಳಿಗೆ ಏರುತ್ತದೆ.

ಸರಿಯಾದ ಎಣ್ಣೆ ತಂದ ಮಾತ್ರಕ್ಕೆ ಮುಗಿಯಲಿಲ್ಲ, ಸರಿಯಾದ ಮಟ್ಟಕ್ಕೆ ತುಂಬುವುದೂ ಆಯ್ಕೆಯ ಭಾಗವೇ. ಈ ಬಾಕ್ಸುಗಳಲ್ಲಿ ಎಂಜಿನ್ನಿಗಿರುವಂತೆ ಅಳೆಯುವ ಕಡ್ಡಿ ಇಲ್ಲ. 722.6ರಲ್ಲಿ ಕೊಳವೆ ಇದೆ, ಒಳಗೆ ಕಡ್ಡಿ ಇರುವುದಿಲ್ಲ, ಅದು ವರ್ಕ್‌ಶಾಪಿನ ಸಾಧನ. 8ಎಚ್‌ಪಿಯಲ್ಲಿ ಎಣ್ಣೆ ತುಂಬುವ ಬಿರಡೆ ಬಿಚ್ಚಿ, ಹೊರಗೆ ಚೆಲ್ಲುವವರೆಗೆ ಎಣ್ಣೆ ಪಂಪು ಮಾಡಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಗೇರುಗಳನ್ನೆಲ್ಲ ಒಮ್ಮೆ ಹಾಕಿ ತೆಗೆದು, ಎಣ್ಣೆಯ ಶಾಖ 30ರಿಂದ 50 ಡಿಗ್ರಿಯ ನಡುವೆ ಇರುವಾಗ ಮತ್ತೆ ತುಂಬಬೇಕು. ಧಾರೆ ಸಣ್ಣಗಾಗಿ ತೊಟ್ಟಿಕ್ಕತೊಡಗಿದಾಗ ಬಿರಡೆ ಹಾಕಬೇಕು. ಶಾಖ ನೋಡಲು ಸ್ಕ್ಯಾನರ್ ಬೇಕೇ ಬೇಕು. ಆಗಷ್ಟೇ ಟ್ರಾಫಿಕ್ಕಿನಲ್ಲಿ ಓಡಿಬಂದ ಕಾರಿನ ಬಾಕ್ಸು ಇದರ ಎರಡರಷ್ಟು ಬಿಸಿ ಇರುತ್ತದೆ. ಆಗ ಹಿಗ್ಗಿದ ಎಣ್ಣೆ ಚೆಲ್ಲಿಹೋಗುತ್ತದೆ, ತಣ್ಣಗಾದ ಮೇಲೆ ಬಾಕ್ಸಿನಲ್ಲಿ ಎಣ್ಣೆ ಕಡಿಮೆ ಬೀಳುತ್ತದೆ. ಗಡಿಬಿಡಿಯಲ್ಲಿ ಮಾಡಿದ ಕೆಲಸದಿಂದ ಅತ್ಯುತ್ತಮ ಎಣ್ಣೆಯೂ ವ್ಯರ್ಥ. 8ಎಚ್‌ಪಿಯ ಎಣ್ಣೆ ತಟ್ಟೆ ಪ್ಲಾಸ್ಟಿಕ್ಕಿನದು, ಫಿಲ್ಟರು ಅದರೊಳಗೇ ಸೇರಿಕೊಂಡಿದೆ. ಎಣ್ಣೆ ಬಸಿದು ಹೊಸದು ತುಂಬಿದೆವು, ತಟ್ಟೆ ಬದಲಾಯಿಸಲಿಲ್ಲ ಎಂದರೆ ಫಿಲ್ಟರು ಹಳೆಯದೇ ಉಳಿಯಿತು ಎಂದರ್ಥ.

ಒಂದು ಸಲ ತಟ್ಟೆ ಬಿಚ್ಚಿದರೆ ಬಾಕ್ಸಿನ ಎಣ್ಣೆಯೆಲ್ಲ ಬರುವುದಿಲ್ಲ, ಕನ್ವರ್ಟರ್ ಮತ್ತು ಕೂಲರಿನಲ್ಲಿ ಗಣನೀಯ ಭಾಗ ಉಳಿದುಕೊಳ್ಳುತ್ತದೆ. ಹಿಂದಿನವರು ಯಾವ ಎಣ್ಣೆ ಹಾಕಿದ್ದಾರೋ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದು ಮುಖ್ಯ. ಸರಿಯಾದ ಎಣ್ಣೆಯನ್ನು ತಪ್ಪು ಎಣ್ಣೆಯ ಜೊತೆ ಬೆರೆಸಿದಂತಾಗಬಾರದು. ಅಂಥ ಕಾರಿಗೆ ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಸಿದು ತುಂಬುವುದು ನನ್ನ ಮಟ್ಟಿಗೆ ದುಂದುಗಾರಿಕೆಯಲ್ಲ. ಆ ಎರಡನೇ ಸಲಕ್ಕೆ ಹೊಸ ತಟ್ಟೆ ಬೇಕಿಲ್ಲ, ಎಣ್ಣೆ ಮಾತ್ರ ಸಾಕು. ಕೆಲಸ ಮುಗಿದ ಮೇಲೆ ಸ್ಕ್ಯಾನರಿನಿಂದ ಕ್ಲಚ್ಚುಗಳ ಹಳೆಯ ಹೊಂದಾಣಿಕೆಯ ಅಂಕಿಗಳನ್ನು ಅಳಿಸಿ ಹೊಸದಾಗಿ ಕಲಿಸಿದರೆ ಮೊದಲ ಕೆಲವು ದಿನ ಗೇರು ಸ್ವಲ್ಪ ಒರಟಾಗಿ ಬಿದ್ದೀತು, ಆಮೇಲೆ ನೆಲೆಗೆ ಬರುತ್ತದೆ. ಬಿಲ್ಲಿನಲ್ಲಿ 'ಗೇರ್ ಆಯಿಲ್ ಚೇಂಜ್' ಎಂದು ಬರೆಸಿಕೊಂಡು ಬರಬೇಡಿ. ಬಾಕ್ಸಿನ ಮಾದರಿ, ಎಣ್ಣೆಯ ಬ್ರ್ಯಾಂಡು, ಅಪ್ರೂವಲ್ ಸಂಖ್ಯೆ, ಹಾಕಿದ ಲೀಟರು, ಮಟ್ಟ ನೋಡಿದಾಗಿನ ಶಾಖ, ಓಡೋಮೀಟರಿನ ಅಂಕಿ ಇಷ್ಟನ್ನೂ ಬರೆಸಿ. ಖಾಲಿ ಬಾಟಲಿಗಳ ಲೇಬಲ್ಲಿನ ಫೋಟೊ ತೆಗೆದು ಆ ಬಿಲ್ಲಿನ ಜೊತೆಗೆ ಸರ್ವೀಸ್ ಫೈಲಿನಲ್ಲಿ ಇಡಿ.